ಬೀಟಲ್ಸ್‌ರ 1960ರ ಮನೆ ಟೇಪ್: ಸ್ಟುವರ್ಟ್‌ನ ಬೇಸ್ ಕೇಳಿಸಿಕೊಳ್ಳುವುದು ಹೇಗೆ

ಬ್ರಿಟಿಷ್ ಬ್ಯಾಂಡ್ ಬೀಟಲ್ಸ್‌ನ ಹಳೆಯ ಟೇಪೊಂದರಲ್ಲಿ, ಅವರ ಆಗಿನ ಬೇಸ್ (ತಗ್ಗು ಸ್ವರದ ಗಿಟಾರ್) ವಾದಕ ಸ್ಟುವರ್ಟ್ ನುಡಿಸಿದ್ದನ್ನು ಕೇಳಿಸಿಕೊಳ್ಳಬೇಕು ಅಂತ ಮೂರು ದಿನ ಹಿಂದೆ ಬಿದ್ದಿದ್ದೆ. ನಿನ್ನೆ ರಾತ್ರಿ ಕೊನೆಗೂ ಕಿವಿಗೆ ಸಿಕ್ಕಿತು. ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ. ಬೇಸ್ ಕೇಳಿ ಕಲಿಯುತ್ತಿರುವವರಿಗೆ ಉಪಯೋಗವಾಗಬಹುದು.

ಯಾವ ಟೇಪ್ ಅಂದರೆ, ‘ಆಂಥಾಲಜಿ 1’ ಆಲ್ಬಮ್‌ನಲ್ಲಿ 1995ರಲ್ಲಿ ಹೊರಬಂದ ಮೂರು ತುಣುಕುಗಳು: ‘ಹಲ್ಲೆಲೂಯ ಐ ಲವ್ ಹರ್ ಸೋ’, ‘ಯು ವಿಲ್ ಬಿ ಮೈನ್’, ‘ಕಾಯೆನ್’. ಮೂರೂ ಸೇರಿ ನಾಲ್ಕು ನಿಮಿಷದಷ್ಟು. ರೆಕಾರ್ಡ್ ಆಗಿದ್ದು 1960ರಲ್ಲಿ, ಲಿವರ್‌ಪೂಲ್‌ನ 20, ಫೋರ್ತ್‌ಲಿನ್ ರೋಡಿನಲ್ಲಿ, ಅಂದರೆ ಪಾಲ್ ಮೆಕಾರ್ಟ್ನಿ ಮನೆಯಲ್ಲಿ. ಜಾನ್ ಲೆನನ್, ಪಾಲ್, ಜಾರ್ಜ್ ಹ್ಯಾರಿಸನ್ ಗಿಟಾರ್ ಹಿಡಿದಿದ್ದಾರೆ, ಸ್ಟುವರ್ಟ್ ಸಟ್‌ಕ್ಲಿಫ್ ಬೇಸ್. ಡ್ರಮ್ಸ್ ಇಲ್ಲ. ಆಗ ಅವರಿಗೆ ಕಾಯಂ ಡ್ರಮ್ಮರ್ ಇರಲಿಲ್ಲ. ಯಾರಾದರೂ ಕೇಳಿದರೆ ‘ತಾಳ ಗಿಟಾರಿನಲ್ಲೇ ಇದೆ’ ಅನ್ನುತ್ತಿದ್ದರಂತೆ.

ಇದನ್ನು ಜಾನ್, ಪಾಲ್, ಜಾರ್ಜ್ 1958ರಲ್ಲಿ ಮಾಡಿಸಿಕೊಂಡ ಡಿಸ್ಕ್ (ಗ್ರಾಮಫೋನ್ ತಟ್ಟೆ) ಜೊತೆ ಬೆರೆಸಬೇಡಿ. ಅದನ್ನು ಪರ್ಸಿ ಫಿಲಿಪ್ಸ್ ತಮ್ಮ ಮನೆಯಲ್ಲೇ ಇಟ್ಟುಕೊಂಡಿದ್ದ ಸ್ಟುಡಿಯೋದಲ್ಲಿ ಮಾಡಿದ್ದು. ಅದರಲ್ಲಿ ಡ್ರಮ್ಸೂ ಇದೆ, ಪಿಯಾನೋನೂ ಇದೆ, ಸ್ಟುವರ್ಟ್ ಇಲ್ಲ.

ಈಗ ನಾನು ಸಿಕ್ಕಿಹಾಕಿಕೊಂಡ ಜಾಗ.

ಬೇಸ್ ಕೇಳುತ್ತಿಲ್ಲ, ಸರಿ, ಈಕ್ವಲೈಸರ್‌ನಲ್ಲಿ (ತಗ್ಗು, ಎತ್ತರದ ಸ್ವರಗಳನ್ನು ಬೇರೆ ಬೇರೆಯಾಗಿ ಏರಿಸಿ ಇಳಿಸುವ ಸಾಧನ) ಕೆಳಗಿನ ಸ್ವರಗಳನ್ನು ಏರಿಸಿದರೆ ಆಯ್ತು ಅಂದುಕೊಂಡೆ. ಏರಿಸಿದೆ. ಮೇಲೆದ್ದದ್ದು ಬರೀ ಗುಡುಗುಡು ಸದ್ದು. ಇನ್ನೂ ಸ್ವಲ್ಪ ಮೇಲಿನ ಪಟ್ಟಿ ಏರಿಸಿದೆ. ಗಿಟಾರುಗಳೂ ಜೊತೆಗೇ ಎದ್ದುಬಂದವು. ಯಾಕೆ ಹೀಗೆ?

ಈಗಿನ ಸ್ಟುಡಿಯೋದಲ್ಲಿ ಒಂದೊಂದು ವಾದ್ಯಕ್ಕೆ ಒಂದೊಂದು ಟ್ರ್ಯಾಕ್. ಇಲ್ಲಿ ಹಾಗಲ್ಲ. ಎಲ್ಲರೂ ಒಟ್ಟಿಗೆ ನುಡಿಸಿದ್ದು ಒಂದೇ ಟ್ರ್ಯಾಕಿಗೆ ಇಳಿದಿದೆ. ಹುಳಿಗೆ ಹಾಕಿದ ಉಪ್ಪನ್ನು ಮತ್ತೆ ಹೊರಗೆ ತೆಗೆಯೋಕೆ ಆಗಲ್ಲ ಅಲ್ವಾ, ಹಾಗೇ ಇದು. ಯಾರ ಸದ್ದು ಎಷ್ಟು ಬರಬೇಕು ಅನ್ನುವುದು ಮೈಕಿನಿಂದ ಅವರು ಎಷ್ಟು ದೂರ ಇದ್ದರು ಅನ್ನುವುದರ ಮೇಲೆ ಆವತ್ತೇ ತೀರ್ಮಾನವಾಗಿಬಿಟ್ಟಿದೆ. ಹಸಿರು ಕಣ್ಣಿನ ಗ್ರುಂಡಿಗ್ ಟೇಪ್ ರೆಕಾರ್ಡರ್ ಎರವಲು ತರುತ್ತಿದ್ದೆವು ಅಂತ ಪಾಲ್ ನೆನಪಿಸಿಕೊಂಡಿದ್ದಾರೆ. ಆ ಕಣ್ಣು ಒಂದು ಪುಟ್ಟ ವಾಲ್ವ್, ಅಂದರೆ ಹಳೆಯ ರೇಡಿಯೋಗಳಲ್ಲಿ ಇರುತ್ತಿದ್ದಂಥ ಗಾಜಿನ ಕೊಳವೆ. ಸದ್ದು ಜೋರಾದಂತೆ ಹಸಿರು ಬೆಳಕು ಹರಡಿ ನಡುವಿನ ಕಪ್ಪು ಸಂದು ಮುಚ್ಚಿಕೊಳ್ಳುತ್ತದೆ. ಪೂರ್ತಿ ಮುಚ್ಚಿತು ಅಂದರೆ ಸದ್ದು ಒಡೆಯುತ್ತದೆ. ಅದು ತೋರಿಸುವುದು ಒಟ್ಟು ಸದ್ದನ್ನು ಮಾತ್ರ. ಬೇಸ್ ಸಾಕಾ ಸಾಲದಾ ಅಂತ ಅದು ಹೇಳುವುದಿಲ್ಲ.

ಎರಡನೇ ವಿಷಯ, ಇದೇ ನನಗೆ ತಲೆಗೆ ಹೋಗದಿದ್ದದ್ದು. ಬೇಸ್ ಗಿಟಾರಿನ ಅತಿ ಕೆಳಗಿನ ಇ ತಂತಿ ಸುಮಾರು 41 ಹರ್ಟ್ಜ್, ಅಂದರೆ ಸೆಕೆಂಡಿಗೆ 41 ಕಂಪನ. ಮಾಮೂಲಿ ಗಿಟಾರಿನ ಕೆಳಗಿನ ಇ ಅದರ ಎರಡರಷ್ಟು, 82. ಅಂದಿನ ಮನೆ ರೆಕಾರ್ಡರ್ 41ನ್ನು ಸರಿಯಾಗಿ ಹಿಡಿಯುವಂಥದ್ದಲ್ಲ. ಫೋನಿನ ಸ್ಪೀಕರಂತೂ ಅಷ್ಟು ಕೆಳಕ್ಕೆ ಇಳಿಯುವುದೇ ಇಲ್ಲ. ಹಾಗಾದರೆ ಬೇಸ್ ಹೋಗಿಯೇಬಿಟ್ಟಿತಾ? ಇಲ್ಲ! ಒಂದು ತಂತಿ ಮೀಟಿದರೆ 41 ಒಂದೇ ಹುಟ್ಟುವುದಿಲ್ಲ. 82, 123, 164, 205 ಹೀಗೆ ಅದರ ಮಗ್ಗಿಯೇ ಹುಟ್ಟುತ್ತದೆ. ತಂಬೂರಿಯ ಮಂದ್ರ ತಂತಿ ಮೀಟಿದಾಗ ಯಾರೂ ನುಡಿಸದ ಗಾಂಧಾರ ಕೇಳುತ್ತದಲ್ಲ, ಅದು ಇದೇ ಮಗ್ಗಿಯ ಐದನೆಯದು. ಈಗ 41 ಅಳಿಸಿಹೋಗಿದೆ ಅಂತ ಇಟ್ಟುಕೊಳ್ಳಿ. ಉಳಿದವುಗಳ ನಡುವಿನ ಅಂತರ ನೋಡಿ: 123ರಿಂದ 164ಕ್ಕೆ 41. 164ರಿಂದ 205ಕ್ಕೆ ಮತ್ತೆ 41. ಈ ಅಂತರವನ್ನು ಹಿಡಿದು, ಟೇಪಿನಲ್ಲಿ ಇಲ್ಲದ 41ನ್ನು ಮಿದುಳೇ ನಮಗೆ ಕೇಳಿಸುತ್ತದೆ. ಅಂದರೆ ನಾನು ಬೇಸನ್ನು ಅದು ಇಲ್ಲದ ಕಡೆ ಹುಡುಕುತ್ತಿದ್ದೆ. ಅದು ಇರುವುದು ಗಿಟಾರುಗಳ ನಡುವೆಯೇ, 80ರಿಂದ 250ರ ಒಳಗೆ.

ಹಾಗಾಗಿ ಈಕ್ವಲೈಸರ್ ಬಿಟ್ಟುಬಿಡಿ. ನನಗೆ ಕೆಲಸ ಮಾಡಿದ ದಾರಿ ಇದು. ‘ಕಾಯೆನ್’ನಿಂದ ಶುರು ಮಾಡಿ, ಅದರಲ್ಲಿ ಹಾಡುವ ದನಿ ಇಲ್ಲ. ಮೊದಲು ಗಿಟಾರಿನ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಗುರುತಿಸಿಕೊಳ್ಳಿ. ಆ ಕಾರ್ಡಿನ ಮೂಲ ಸ್ವರವನ್ನು ಮೆಲ್ಲಗೆ ಗುನುಗಿ. ಗಂಟಲಿಗೆ ಎಟುಕದಿದ್ದರೆ ಒಂದು ಸ್ಥಾಯಿ ಮೇಲೆ. ಗುನುಗುತ್ತಾ ಮತ್ತೆ ಹಾಕಿ. ನಿಮ್ಮ ದನಿ ಟೇಪಿನೊಳಗಿನ ಯಾವುದಕ್ಕೋ ಅಂಟಿಕೊಂಡ ಹಾಗೆ ಅನ್ನಿಸುತ್ತದೆ. ಆಗ ಸುಮ್ನೆ ಗುನುಗು ನಿಲ್ಲಿಸಿ ಕೇಳಿ. ದುಬ್, ದುಬ್ ಅಂತ ಬೇಗ ಕರಗುವ ಮೊಂಡು ಸದ್ದು. ಅದೇ. ವಾಲ್ಯೂಮ್ ಜಾಸ್ತಿ ಮಾಡಬೇಡಿ. ಕಡಿಮೆ ಇದ್ದಾಗಲೇ ನನಗೆ ಚೆನ್ನಾಗಿ ಸಿಕ್ಕಿತು.

ಆ ಸದ್ದು ಹಾಗೆ ಬೇಗ ಕರಗುವುದಕ್ಕೆ ವಾದ್ಯವೂ ಕಾರಣ. ಹಾಫ್ನರ್ ಪ್ರೆಸಿಡೆಂಟ್, ಒಳಗೆ ಟೊಳ್ಳಿರುವ ಬೇಸ್. ಸ್ಟುವರ್ಟ್ ಚಿತ್ರಕಲೆಯ ವಿದ್ಯಾರ್ಥಿ, ಕಲಾಶಾಲೆಯಲ್ಲಿ ಜಾನ್‌ನ ಗೆಳೆಯ. ವಾಕರ್ ಗ್ಯಾಲರಿಯ ಪ್ರದರ್ಶನದಲ್ಲಿ ಅವನ ಒಂದು ಚಿತ್ರ 65 ಪೌಂಡಿಗೆ ಮಾರಾಟವಾಯಿತು. ಆ ದುಡ್ಡು ಬಂದ ಮೇಲೆ, 1960ರ ಆರಂಭದಲ್ಲಿ, ಈ ಬೇಸ್ ಕೊಂಡ. ಅಂದರೆ ಟೇಪಿನಲ್ಲಿ ನಾವು ಕೇಳುತ್ತಿರುವುದು ಬೇಸ್ ಹಿಡಿದು ಕೆಲವೇ ತಿಂಗಳಾದ ಹುಡುಗನನ್ನು. ಅದಕ್ಕೇ ಕಲಿಯುವವರಿಗೆ ಇದು ಒಳ್ಳೆಯ ಪಾಠ ಅನ್ನುವುದು ನನ್ನ ಅಭಿಪ್ರಾಯ. ಸ್ವರಗಳು ಸರಳ, ಹಿಂದೆ ಬಿದ್ದರೆ ಹಿಡಿಯಬಹುದು.

1961ರಲ್ಲಿ ಅವನು ತಂಡ ಬಿಟ್ಟು ಚಿತ್ರಕಲೆಗೇ ಮರಳಿದ. 1962ರ ಏಪ್ರಿಲ್ 10ರಂದು ಹ್ಯಾಂಬರ್ಗ್‌ನಲ್ಲಿ ತೀರಿಕೊಂಡ. ಇನ್ನೂ 21 ವರ್ಷ. ಆ ಆಲ್ಬಮ್‌ನಲ್ಲಿ ಅವನ ಬೇಸ್ ಇರುವುದು ಈ ಮೂರೇ ತುಣುಕುಗಳಲ್ಲಿ. ‘ಕಾಯೆನ್’ ಆಯಿತು. ಇವತ್ತು ರಾತ್ರಿ ‘ಹಲ್ಲೆಲೂಯ’ದಲ್ಲಿ, ಪಾಲ್ ಹಾಡುವ ದನಿಯ ಕೆಳಗೆ, ಅವನನ್ನು ಹುಡುಕುತ್ತೇನೆ.