ಹದಿನೈದರ ಹುಡುಗನಿಗೆ ಮಾರ್ಚ್ ಯಾಕೆ ಅಷ್ಟು ದೂರ?

ದಾವಣಗೆರೆಯಲ್ಲಿ ಎಸ್ಸೆಸ್ಸೆಲ್ಸಿ ಮಕ್ಕಳಿರುವ ಮನೆಗೆ ಹೋದರೆ ಈ ಮಾತು ಕಿವಿಗೆ ಬೀಳುತ್ತದೆ: "ನಮ್ಮ ಹುಡುಗನಿಗೆ ಓದೋ ಆಸಕ್ತಿನೇ ಇಲ್ಲ ಕಣ್ರೀ." ಅದೇ ಹುಡುಗ, ಗೆಳೆಯರು ಮಂಡಕ್ಕಿ-ಮೆಣಸಿನಕಾಯಿಗೆ ಕರೆದರೆ ಒಂದೇ ಉಸಿರಿಗೆ ಓಡುತ್ತಾನೆ. ಹುರುಪಿಗೇನೂ ಕೊರತೆಯಿಲ್ಲ, ಅಲ್ವಾ?

ಮೆದುಳಿನ ಆಳದಲ್ಲಿ ಸ್ಟ್ರಯಾಟಮ್ ಎಂಬ ಭಾಗವಿದೆ. ಏನೋ ಖುಷಿ ಸಿಗಲಿದೆ ಅನ್ನಿಸಿದಾಗ ಡೋಪಮೈನ್ ಎಂಬ ರಾಸಾಯನಿಕ ಇಲ್ಲಿ ಬಿಡುಗಡೆಯಾಗಿ ನಮ್ಮನ್ನು ಎಬ್ಬಿಸಿ ಹೊರಡಿಸುತ್ತದೆ. ಹದಿಹರೆಯದಲ್ಲಿ ಈ ಭಾಗ ಚಿಕ್ಕ ಮಕ್ಕಳಿಗಿಂತಲೂ ದೊಡ್ಡವರಿಗಿಂತಲೂ ಜೋರಾಗಿ ಸ್ಪಂದಿಸುವುದು ಹಲವು ಸ್ಕ್ಯಾನ್‌ಗಳಲ್ಲಿ ಕಂಡಿದೆ. ಮುಂದಿನದನ್ನು ಯೋಚಿಸಿ ತಾಳ್ಮೆ ಹೇಳುವುದು ಹಣೆಯ ಹಿಂದಿನ ಪ್ರಿಫ್ರಂಟಲ್ ಕಾರ್ಟೆಕ್ಸ್. ಅದು ಪೂರ್ತಿ ಬಲಿಯುವಷ್ಟರಲ್ಲಿ ವಯಸ್ಸು ಇಪ್ಪತ್ತು ದಾಟಿರುತ್ತದೆ. ಅಲ್ಲಿಯವರೆಗೂ ಬಳಸದ ನರಸಂಪರ್ಕಗಳು ಕಳಚುತ್ತಿರುತ್ತವೆ. ಉಳಿದ ನರತಂತುಗಳಿಗೆ ಮೈಲಿನ್ ಎಂಬ ಕೊಬ್ಬಿನ ಹೊದಿಕೆ ಬಂದು ಸಂದೇಶಗಳ ಓಟ ಚುರುಕಾಗುತ್ತದೆ. ಹಾಗಾಗಿ ಮಾರ್ಚ್‌ನ ಪರೀಕ್ಷೆ, ಮುಂದೆಂದೋ ಸಿಗುವ ಮೆಡಿಕಲ್ ಸೀಟು, ಇವೆಲ್ಲ ಹದಿನೈದರ ಮೆದುಳನ್ನು ಅಷ್ಟಾಗಿ ಎಳೆಯುವುದಿಲ್ಲ. ಇವತ್ತು ಸಂಜೆಯೊಳಗೆ ಮುಗಿಯುವ ನಾಲ್ಕು ಲೆಕ್ಕ ಜಾಸ್ತಿ ಎಳೆಯುತ್ತವೆ.

ಗೆಳೆಯರ ವಿಷಯ ಇನ್ನೂ ಸ್ವಾರಸ್ಯದ್ದು. 2005ರಲ್ಲಿ ಅಮೆರಿಕದ ಮಾರ್ಗೋ ಗಾರ್ಡ್ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ ಒಂದು ಪ್ರಯೋಗ ಪ್ರಕಟಿಸಿದರು. ಕಂಪ್ಯೂಟರ್‌ನಲ್ಲಿ ಕಾರು ಓಡಿಸುವ ಆಟ. ಹಳದಿ ದೀಪ ಬಂದ ಮೇಲೂ ಎಷ್ಟು ದೂರ ನುಗ್ಗುತ್ತಾರೆ ಎಂದು ನೋಡುವುದು. ಗೆಳೆಯರು ಪಕ್ಕದಲ್ಲಿದ್ದಾಗ 13ರಿಂದ 16ರ ವಯಸ್ಸಿನವರು ಬಹಳ ಹೆಚ್ಚು ಅಪಾಯಕ್ಕೆ ಕೈಹಾಕಿದರು. 24 ದಾಟಿದವರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ನಾವು ಇದನ್ನು ಸುಮ್ನೆ 'ಸಹವಾಸ ದೋಷ' ಅಂದುಬಿಡುತ್ತೇವೆ. ಆದರೆ ನಾಲ್ವರು ಒಂದೇ ಮಹಡಿ ಮೇಲೆ ಕೂತು ವಿಜ್ಞಾನ ಓದುವಾಗಲೂ ಕೆಲಸ ಮಾಡುವುದು ಇದೇ ಸೆಳೆತ. ಬೈದು ಬಿಡಿಸುವ ಬದಲು ಇದನ್ನು ಬಳಸಿಕೊಳ್ಳುವುದೇ ಜಾಣತನ ಅಂತ ನನಗನ್ನಿಸುತ್ತದೆ.

ಇನ್ನು "ತೊಂಬತ್ತು ಪರ್ಸೆಂಟ್ ತೆಗಿ, ಬೈಕ್ ಕೊಡಿಸ್ತೀನಿ" ಎನ್ನುವ ಅಪ್ಪಂದಿರು. 1973ರ ಒಂದು ಅಮೆರಿಕನ್ ಪ್ರಯೋಗದಲ್ಲಿ, ಚಿತ್ರ ಬರೆಯುವುದೆಂದರೆ ಇಷ್ಟವಿದ್ದ ಪುಟ್ಟ ಮಕ್ಕಳಿಗೆ ಬರೆದರೆ ಬಹುಮಾನ ಎಂದು ಮೊದಲೇ ಆಸೆ ತೋರಿಸಿದರು. ಆಮೇಲೆ ಬಿಡುವಿನಲ್ಲಿ ಆ ಮಕ್ಕಳು ಬರೆಯುವುದೇ ಕಡಿಮೆಯಾಯಿತು. ಮೊದಲೇ ಹೇಳದೆ ಬಹುಮಾನ ಕೊಟ್ಟ ಮಕ್ಕಳಲ್ಲಿ ಹಾಗಾಗಲಿಲ್ಲ. ಹುಡುಗನಿಗೆ ತಾನಾಗಿಯೇ ಹಿಡಿಸಿದ ವಿಷಯವೊಂದಿದ್ದರೆ ಅದಕ್ಕೆ ಬೈಕ್ ಗಂಟುಹಾಕಬೇಡಿ.

ನಿದ್ದೆಯದೂ ಒಂದು ಮಾತು. ಈ ವಯಸ್ಸಿನಲ್ಲಿ ನಿದ್ದೆ ಬರಿಸುವ ಮೆಲಟೋನಿನ್ ರಾತ್ರಿ ತಡವಾಗಿ ಏರುತ್ತದೆ. ಬೆಳಗ್ಗೆ ಐದೂವರೆಯ ಟ್ಯೂಷನ್‌ನಲ್ಲಿ ತೂಕಡಿಸುವವನನ್ನು ಸೋಮಾರಿ ಅನ್ನುವ ಮೊದಲು, ಸಂಜೆಯ ಬ್ಯಾಚ್ ಇದೆಯಾ ಅಂತ ಮೇಷ್ಟ್ರನ್ನು ಕೇಳಿ ನೋಡಿ.