ಮನೆಯೊಳಗಿನ ಗಿಡಕ್ಕೆ ಮಳೆಯೂ ನೀವೇ, ಗುಲಗಂಜಿ ಹುಳುವೂ ನೀವೇ

ಜಾಲಹಳ್ಳಿಯ ಫ್ಲಾಟೊಂದಕ್ಕೆ ಹೋದಾಗ ಮನೆಯಾಕೆ ಮೊದಲು ತೋರಿಸಿದ್ದು ಗಿಡವನ್ನಲ್ಲ, ಖಾಲಿಯಾದ ಸ್ಪ್ರೇ ಬಾಟಲಿಗಳನ್ನು. ಆರು ವಾರದಿಂದ ಬೇವಿನೆಣ್ಣೆ ಹೊಡೆಯುತ್ತಿದ್ದರೂ ಕ್ರೋಟನ್ ಗಿಡದ ಹಿಟ್ಟು ತಿಗಣೆ ಹೋಗಿರಲಿಲ್ಲ. ಎಲೆ ತೊಟ್ಟಿನ ಸಂದಿಯಲ್ಲೆಲ್ಲ ಹತ್ತಿ ಮೆತ್ತಿದ ಹಾಗೆ ಬಿಳಿ ಗಂಟು. ಕೆಳಗಿನ ಎಲೆಗಳ ಮೇಲೆ ಅಂಟು, ಆ ಅಂಟಿನ ಮೇಲೆ ಕಾಡಿಗೆಯಂಥ ಕಪ್ಪು ಬೂಷ್ಟು. ನಾನು ಕುಂಡವನ್ನು ತಟ್ಟೆಯಿಂದ ಎತ್ತಿ ತಿರುಗಿಸಿದೆ. ನೀರು ಬಸಿಯುವ ತೂತಿನ ಸುತ್ತಲೂ ಅದೇ ಬಿಳಿ ಗಂಟು. ಅಲ್ಲಿಂದ ಕಾಂಡದವರೆಗೆ ಇರುವೆಗಳ ಸಾಲು. ಸ್ಪ್ರೇ ಒಂದು ದಿನವೂ ಮುಟ್ಟದ ಜಾಗ ಅದು.

ಅಂಗಳದ ಗಿಡಕ್ಕೂ ಹುಳ ಬರುತ್ತದೆ, ಆದರೆ ಅಲ್ಲಿ ಲೆಕ್ಕ ಸರಿದೂಗಿಸುವವರಿದ್ದಾರೆ. ಜೋರು ಮಳೆ ಸಸ್ಯಹೇನುಗಳನ್ನು, ನುಶಿಗಳನ್ನು ಕೊಚ್ಚಿಹಾಕುತ್ತದೆ. ಗುಲಗಂಜಿ ಹುಳು, ಅಂದರೆ ಲೇಡಿಬರ್ಡ್, ಬಂದು ಅವನ್ನು ತಿನ್ನುತ್ತದೆ. 1898ರಲ್ಲಿ ಆಸ್ಟ್ರೇಲಿಯಾದಿಂದ ತಂದ ಕ್ರಿಪ್ಟೊಲೀಮಸ್ ಎಂಬ ಗುಲಗಂಜಿ ಹುಳುವನ್ನು ಇಂದಿಗೂ ನಮ್ಮ ಕಾಫಿ ತೋಟಗಳಲ್ಲಿ ಹಿಟ್ಟು ತಿಗಣೆಯ ಮೇಲೆ ಬಿಡುತ್ತಾರೆ. ನಾಲ್ಕನೇ ಮಹಡಿಯ ಹಾಲಿಗೆ ಮಳೆಯೂ ಬರುವುದಿಲ್ಲ, ಆ ಹುಳುವೂ ಬರುವುದಿಲ್ಲ. ಹಾಗಾಗಿ ಆ ಎರಡೂ ಕೆಲಸ ನಮ್ಮ ಕೈಗೇ ಬೀಳುತ್ತದೆ. ಔಷಧಿಗಿಂತ ಮೊದಲು ನಲ್ಲಿ ನೀರು ಎಂದು ನಾನು ಎಲ್ಲರಿಗೂ ಹೇಳುವುದು ಇದಕ್ಕೇ. ಕುಂಡದ ಬಾಯಿಗೆ ಪ್ಲಾಸ್ಟಿಕ್ ಕವರ್ ಕಟ್ಟಿ, ಗಿಡವನ್ನು ಬಚ್ಚಲಲ್ಲಿ ಓರೆಯಾಗಿಸಿ, ಎಲೆಯ ಹಿಂಬದಿಗೆ ನೀರು ಬಡಿಯಬೇಕು. ಹುಳ ಕೂರುವುದು ಹಿಂಬದಿಯಲ್ಲೇ, ನಾವು ಒರೆಸುವುದು ಮಾತ್ರ ಮುಂಬದಿ.

ಅದಾದ ಮೇಲೆ ಬೇವು. ಬೇವಿನೆಣ್ಣೆಯನ್ನು ನೀರಿಗೆ ಹಾಗೇ ಸುರಿದರೆ ಅದು ಮೇಲೆ ತೇಲುತ್ತದೆ. ಬಾಟಲಿಯ ಮೊದಲರ್ಧ ಬರೀ ನೀರಾಗಿ ಹೋಗುತ್ತದೆ, ಕೊನೆಯ ಗುಟುಕು ಬರೀ ಎಣ್ಣೆಯಾಗಿ ಎಲೆ ಸುಡುತ್ತದೆ. ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಮೊದಲು ಒಂದೆರಡು ಎಂಎಲ್ ಸೋಪಿನ ದ್ರಾವಣ, ಆಮೇಲೆ 5 ಎಂಎಲ್ ಎಣ್ಣೆ ಹಾಕಿ, ಹಾಲಿನ ಬಣ್ಣ ಬರುವವರೆಗೆ ಕುಲುಕಿ ಅವತ್ತೇ ಮುಗಿಸಿ. ಈ ತಾಪತ್ರಯ ಬೇಡವೆಂದರೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ರೂಪಿಸಿದ ಬೇವಿನ ಸೋಪು, ಹೊಂಗೆ ಸೋಪು ಇವೆ. ಯಾವುದನ್ನೇ ಆಗಲಿ, ಸಂಜೆ ಹೊಡೆಯಿರಿ. ಜೇಡ್ ಗಿಡಕ್ಕೂ ಜರಿಗಿಡಕ್ಕೂ ಸೋಪು ಆಗಿಬರುವುದಿಲ್ಲ, ಒಂದು ಎಲೆಗೆ ಹಚ್ಚಿ ಎರಡು ದಿನ ನೋಡಿ ಮುಂದುವರಿಯುವುದು ಒಳ್ಳೆಯದು.

ಒಮ್ಮೆ ಹೊಡೆದು ಸುಮ್ಮನಾಗುವುದೇ ಬಹುಪಾಲು ಮನೆಗಳಲ್ಲಿ ಆಗುವ ತಪ್ಪು. ಹಿಟ್ಟು ತಿಗಣೆಯ ಹೆಣ್ಣು ಆ ಹತ್ತಿಯಂಥ ಚೀಲದಲ್ಲಿ ನೂರಾರು ಮೊಟ್ಟೆ ಇಡುತ್ತದೆ. ಮೇಣದ ಹೊದಿಕೆಯೊಳಗಿನ ಮೊಟ್ಟೆಗೆ ಬೇವು ತಾಗುವುದಿಲ್ಲ. ಒಂದು ವಾರ, ಹತ್ತು ದಿನದಲ್ಲಿ ಹೊರಬರುವ ಮರಿಗೆ ಆ ಮೇಣ ಇನ್ನೂ ಇರುವುದಿಲ್ಲ, ಸಿಕ್ಕಿಬೀಳುವುದು ಆಗಲೇ. ಅದಕ್ಕೇ ವಾರಕ್ಕೊಮ್ಮೆಯಂತೆ ಕನಿಷ್ಠ ನಾಲ್ಕು ಬಾರಿ. ಕಣ್ಣಿಗೆ ಕಾಣುವ ಗಂಟುಗಳನ್ನು ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿ ಕಡ್ಡಿಯಿಂದ ಒಂದೊಂದಾಗಿ ತೆಗೆಯಿರಿ. ಇರುವೆಯನ್ನಂತೂ ತಡೆಯಲೇಬೇಕು. ತಿಗಣೆ ಸುರಿಸುವ ಸಿಹಿ ಅಂಟಿಗಾಗಿ ಅವು ಅದನ್ನು ಹಸು ಕಾಯ್ದಂತೆ ಕಾಯುತ್ತವೆ, ಶತ್ರು ಬಂದರೆ ಓಡಿಸುತ್ತವೆ.

ಬೇಸಿಗೆಯ ಕಥೆ ಬೇರೆ. ಮಾರ್ಚ್, ಏಪ್ರಿಲ್‌ನ ಒಣ ಸೆಕೆಯಲ್ಲಿ ಎಲೆ ಮೇಲೆ ರವೆ ಚೆಲ್ಲಿದಂಥ ಹಳದಿ ಚುಕ್ಕಿ ಕಂಡರೆ, ಕೆಳಗೆ ಬಿಳಿ ಹಾಳೆ ಹಿಡಿದು ಎಲೆಯನ್ನು ತಟ್ಟಿ. ಬಿದ್ದ ಧೂಳಿನ ಕಣಗಳು ನಡೆದಾಡತೊಡಗಿದರೆ ಅದು ಕೆಂಪು ನುಶಿ. ಎಂಟು ಕಾಲಿನ ಇದು ಕೀಟವೇ ಅಲ್ಲ, ಜೇಡದ ನೆಂಟ. ಎಷ್ಟೋ ಕೀಟನಾಶಕಗಳು ಇದಕ್ಕೆ ನಾಟುವುದೇ ಇಲ್ಲ. ಸೆಕೆ ಜೋರಿದ್ದರೆ ಒಂದು ವಾರ, ಹತ್ತು ದಿನದಲ್ಲಿ ಒಂದು ಪೀಳಿಗೆ ಮುಗಿಯುವುದರಿಂದ ಮೂರು ದಿನಕ್ಕೊಮ್ಮೆ ಎಲೆ ತೊಳೆಯಬೇಕಾಗುತ್ತದೆ.

ಕುಂಡದ ಸುತ್ತ ಹಾರುವ ಗುಂಗಾಡಿನಂಥ ಕಪ್ಪು ಸೊಳ್ಳೆಗಳಿಗೆ ಔಷಧಿಗಿಂತ ನೀರು ಕಡಿಮೆ ಮಾಡುವುದೇ ಮದ್ದು. ಕುಂಡಕ್ಕೆ ತುಂಬುವ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಮೇಲೆ ಒಣಗಿ ಕಂಡರೂ ಒಳಗೆ ಒದ್ದೆಯಿರುತ್ತದೆ. ಎರಡು ಇಂಚು ಬೆರಳಿಳಿಸಿ ನೋಡಿಯೇ ನೀರು ಹಾಕಿ. ಮಣ್ಣಿನ ಮೇಲೆ ಆಲೂಗಡ್ಡೆಯ ಬಿಲ್ಲೆ ಇಟ್ಟು ಎರಡು ದಿನ ಬಿಟ್ಟು ಮಗುಚಿದರೆ ಮರಿಹುಳುಗಳು ಅದರಡಿ ಸೇರಿರುತ್ತವೆ.

ಒಂದು ಮಾತನ್ನು ಖಡಾಖಂಡಿತವಾಗಿ ಹೇಳುತ್ತೇನೆ. ಕುಂಡಕ್ಕೆ ಫೋರೇಟ್ ಎಂಬ ಕೀಟನಾಶಕದ ಹರಳು ಹಾಕುವುದು, ಡೈಕ್ಲೋರ್‌ವಾಸ್ ಎಂಬ ಕೀಟನಾಶಕ ಹೊಡೆಯುವುದು ಹಳೆಯ ರೂಢಿ. ಎರಡನ್ನೂ 2020ರ ಡಿಸೆಂಬರ್ 31ರಿಂದ ದೇಶದಲ್ಲಿ ನಿಷೇಧಿಸಲಾಗಿದೆ. ಶೆಡ್ಡಿನ ಮೂಲೆಯಲ್ಲಿ ಹಳೆಯ ಡಬ್ಬಿ ಉಳಿದಿದ್ದರೆ ಮನೆಯೊಳಗೆ ತರಲೇಬೇಡಿ. ಮಗು ಅಂಬೆಗಾಲಿಡುವ ನೆಲ, ಬೆಕ್ಕು ಮಲಗುವ ಕಿಟಕಿ ಅದು.

ಹುಳ ಬಹಳ ಸಲ ಹೊಸ ಗಿಡದ ಜೊತೆಗೇ ಬರುತ್ತದೆ. ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನ ಮುಗಿದ ಮೂರ್ನಾಲ್ಕು ವಾರಕ್ಕೆ ನನ್ನ ಫೋನು ಬಿಡುವಿಲ್ಲದೆ ರಿಂಗಣಿಸುತ್ತದೆ. ನರ್ಸರಿಯಿಂದ ತಂದ ಗಿಡವನ್ನು ಕನಿಷ್ಠ ಎರಡು ವಾರ, ಸಾಧ್ಯವಾದರೆ ಮೂರು ವಾರ, ಉಳಿದವುಗಳಿಂದ ದೂರವಿಡಿ. ಬೆಳಕಿರುವ ಬಚ್ಚಲ ಕಿಟಕಿ ಸಾಕು. ತಂದ ದಿನವೇ ಕುಂಡದಿಂದ ಬಿಡಿಸಿ ಬೇರನ್ನೊಮ್ಮೆ ನೋಡಿ.

ಜಾಲಹಳ್ಳಿಯ ಕ್ರೋಟನ್ನಿನ ಹಳೆಯ ಮಣ್ಣನ್ನೆಲ್ಲ ಕೊಡವಿ, ಬೇರನ್ನು ನಲ್ಲಿಯಡಿ ತೊಳೆದು, ಬೇವಿನ ಹಿಂಡಿ ಬೆರೆಸಿದ ಹೊಸ ಮಣ್ಣಿನಲ್ಲಿ ನೆಟ್ಟೆವು. ಕುಂಡವನ್ನು ನೀರು ತುಂಬಿದ ತಟ್ಟೆಯ ನಡುವೆ ಇಟ್ಟಿಗೆಯ ಮೇಲೆ ಕೂರಿಸಿದೆವು, ಇರುವೆ ದಾಟದಿರಲಿ ಎಂದು. ನೀರು ಎರಡು ದಿನಕ್ಕೊಮ್ಮೆ ಚೆಲ್ಲಿ ಬದಲಿಸಬೇಕು, ಇಲ್ಲವಾದರೆ ಸೊಳ್ಳೆ. ಐದನೇ ವಾರಕ್ಕೆ ಆಕೆ ಫೋಟೊ ಕಳಿಸಿದರು: ತುದಿಯಲ್ಲಿ ಎರಡು ಹೊಸ ಎಲೆ, ಎರಡರದ್ದೂ ಹಿಂಬದಿಯ ಚಿತ್ರ.