ಬಂದರು ಕಾರ್ಮಿಕರಿಗೆ ಕೋಟಿ ಸಂಬಳ ನಿಜವಾ? ಮತ್ತೆ ಮುಷ್ಕರ ಯಾಕೆ?

ಕಾರವಾರದ ಕೋಡಿಬಾಗದಿಂದ ಓದುಗರೊಬ್ಬರು ಕೇಳಿದ್ದಾರೆ: "ಅಮೆರಿಕದಲ್ಲಿ ಹಡಗಿನ ಸರಕು ಇಳಿಸುವವರಿಗೆ ವರ್ಷಕ್ಕೆ ಕೋಟಿಗಟ್ಟಲೆ ಸಂಬಳವಂತೆ. ಆದರೂ ಮುಷ್ಕರ ಮಾಡಿದರು ಅಂತ ವಾಟ್ಸಾಪ್‌ನಲ್ಲಿ ಬಂದಿತ್ತು. ಇದು ದುರಾಸೆ ಅಲ್ವಾ? ನಮ್ಮ ಬಂದರಿನಲ್ಲಿ ದುಡಿಯುವವರು ಹೀಗೆ ಕೇಳಿದರೆ ಜನ ಸುಮ್ನೆ ಇರ್ತಾರಾ?"

ಇದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರುತ್ತಲೇ ಇರುತ್ತದೆ. ಮೊದಲು ಆ ಕೋಟಿಯ ಲೆಕ್ಕ ನೋಡೋಣ.

2024ರ ಅಕ್ಟೋಬರ್ 1ರಂದು ಅಮೆರಿಕದ ಪೂರ್ವ ಕರಾವಳಿ ಮತ್ತು ಮೆಕ್ಸಿಕೊ ಕೊಲ್ಲಿಯ ಬಂದರುಗಳಲ್ಲಿ ಸುಮಾರು 45,000 ಮಂದಿ ಕೆಲಸ ನಿಲ್ಲಿಸಿದರು. ಆ ಕಡೆ ಅಂಥ ಮುಷ್ಕರ ಆಗಿದ್ದು 1977ರ ನಂತರ ಅದೇ ಮೊದಲು. ಆಗ ಹಿರಿಯ ಕೆಲಸಗಾರರ ಕೂಲಿ ಗಂಟೆಗೆ 39 ಡಾಲರ್. ವಾರಕ್ಕೆ 40 ಗಂಟೆಯಂತೆ ವರ್ಷವಿಡೀ ದುಡಿದರೆ 81,000 ಡಾಲರ್ ಚಿಲ್ಲರೆ. ಆಗಿನ ದರದಲ್ಲಿ ಅದು 70 ಲಕ್ಷ ರೂಪಾಯಿಯ ಹತ್ತಿರ. ಹಾಗಾದರೆ ಕೋಟಿ ಎಲ್ಲಿಂದ ಬಂತು? ನ್ಯೂಯಾರ್ಕ್ ಬಂದರಿನ ಹಳೆಯ ಒಂದು ವರದಿಯಿಂದ. 2019-20ರಲ್ಲಿ ಅಲ್ಲಿನ ಕಾರ್ಮಿಕರಲ್ಲಿ ಸುಮಾರು ಮೂರನೇ ಒಂದು ಭಾಗದವರು 2 ಲಕ್ಷ ಡಾಲರ್‌ಗಿಂತ ಜಾಸ್ತಿ ಗಳಿಸಿದ್ದರು. ಅದರಲ್ಲಿ ರಾತ್ರಿ ಪಾಳಿ, ಭಾನುವಾರ, ಓವರ್‌ಟೈಮ್ ಎಲ್ಲ ಸೇರಿತ್ತು. ಅಂದರೆ ವಾಟ್ಸಾಪ್ ಸಂದೇಶ ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಕೆಲವರ ಲೆಕ್ಕವನ್ನು ಎಲ್ಲರ ತಲೆಗೆ ಕಟ್ಟಿದ್ದಾರೆ.

ಮೂರೇ ದಿನಕ್ಕೆ ಮಾತುಕತೆ ಕುದುರಿತು. ಆರು ವರ್ಷದಲ್ಲಿ ಕೂಲಿ ಶೇ. 62ರಷ್ಟು ಏರಿ, 39 ಡಾಲರ್ ಇದ್ದದ್ದು 63 ಆಗಬೇಕು ಅಂತ ಒಪ್ಪಂದವಾಯಿತು. ಮೂರು ದಿನದಲ್ಲಿ ಇಷ್ಟು ಹೇಗೆ ಸಿಕ್ಕಿತು? ಹಡಗಿಗೆ ಹೋಗಲು ಬೇರೆ ಜಾಗ ಇರಲಿಲ್ಲ. ಆ ಇಡೀ ದಂಡೆಯ ದೊಡ್ಡ ಬಂದರುಗಳಿಗೆಲ್ಲ ಸಂಘ ಒಂದೇ. ಒಂದು ಕಡೆ ಬಾಗಿಲು ಹಾಕಿದರೆ ಪಕ್ಕದ ಬಾಗಿಲೂ ಹಾಕಿರುತ್ತದೆ. ಈ ಮಾತು ನೆನಪಿಟ್ಟುಕೊಳ್ಳಿ, ಕಾರವಾರಕ್ಕೆ ಬಂದಾಗ ಬೇಕಾಗುತ್ತದೆ.

ಜನ ಏನಂದರು? ಒಂದು ಕಡೆ "ನಮಗಿಂತ ಜಾಸ್ತಿ ಸಂಬಳ, ಇನ್ನೂ ಬೇಕಾ" ಅನ್ನುವ ಸಿಟ್ಟು. ಇನ್ನೊಂದು ಕಡೆ, ಅದೇ ವರ್ಷ ಗ್ಯಾಲಪ್ ಸಮೀಕ್ಷೆಯಲ್ಲಿ ಶೇ. 70ರಷ್ಟು ಅಮೆರಿಕನ್ನರು ಕಾರ್ಮಿಕ ಸಂಘಗಳು ಬೇಕು ಎಂದಿದ್ದರು. ಇನ್ನು ಕೆಲವರು ಎರಡೂ ಬಿಟ್ಟು ಅಂಗಡಿಗೆ ಓಡಿ ಟಾಯ್ಲೆಟ್ ಪೇಪರ್ ತುಂಬಿಕೊಂಡರು. ಅದು ಬಹುಪಾಲು ಅಲ್ಲೇ ತಯಾರಾಗುವ ಸಾಮಾನು, ಹಡಗಿಗೂ ಅದಕ್ಕೂ ಸಂಬಂಧವೇ ಇಲ್ಲ!

ನಗುವುದು ಸುಲಭ. 2021ರ ಏಪ್ರಿಲ್‌ನಲ್ಲಿ ನಮ್ಮಲ್ಲಿ ಸಾರಿಗೆ ನೌಕರರು 7ನೇ ತಾರೀಕಿನಿಂದ ಎರಡು ವಾರ ಬಸ್ ನಿಲ್ಲಿಸಿದಾಗ ನಾನು ಶಿರಸಿ ಬಸ್ ನಿಲ್ದಾಣದ ಹೊರಗೆ ಚೀಲ ಹಿಡಿದು ನಿಂತಿದ್ದೆ. ಘಟ್ಟ ಇಳಿಯಬೇಕಿತ್ತು. ಟೆಂಪೊದವನು ಕೇಳಿದ ದುಡ್ಡು ಕೇಳಿ ಪಕ್ಕದಲ್ಲಿದ್ದ ಹಿರಿಯರು ಬೈದಿದ್ದು ಟೆಂಪೊದವನಿಗಲ್ಲ, ಡ್ರೈವರ್ ಕಂಡಕ್ಟರ್‌ಗಳಿಗೆ. "ಸರ್ಕಾರಿ ಸಂಬಳ ತಿಂದು ಕೊಬ್ಬಿದಾರೆ ಮಾರಾಯ." ಅರ್ಧ ಗಂಟೆ ಮಾತಾಡಿದ ಮೇಲೆ ಗೊತ್ತಾಯ್ತು, ಅವರ ಅಳಿಯನೇ ಕಂಡಕ್ಟರ್. ಅವನ ಸಂಬಳ ಎಷ್ಟು ಕಡಿಮೆ ಅಂತ ಬೇಜಾರು ಮಾಡಿಕೊಂಡವರೂ ಅವರೇ. ಜನಾಭಿಪ್ರಾಯ ಅನ್ನೋದು ಇದೇ. ಅದು ಸಂಬಳದ ಚೀಟಿ ನೋಡಿ ಹುಟ್ಟುವುದಿಲ್ಲ. ನನ್ನ ಬಸ್ಸು ನಿಂತಿತಾ, ನಿಲ್ಲಿಸಿದವನ ಮುಖ ನನಗೆ ಪರಿಚಯವಿದೆಯಾ, ಇವೆರಡೇ ಅದನ್ನು ಅತ್ತಿತ್ತ ಎಳೆಯುತ್ತವೆ.

ಲಂಡನ್ನಿನ ಬಂದರು ಕೂಲಿಗಳಿಗೆ 1889ರಲ್ಲೇ ಇದು ಗೊತ್ತಿತ್ತು. ಅವರ ಬೇಡಿಕೆ ಗಂಟೆಗೆ 6 ಪೆನ್ಸ್, ಅಂದರೆ ಕೊಡುತ್ತಿದ್ದುದಕ್ಕಿಂತ ಒಂದೇ ಪೆನ್ನಿ ಜಾಸ್ತಿ. ದಿನಾ ಬೆಳಿಗ್ಗೆ ಗೇಟಿನ ಮುಂದೆ ನೂಕುನುಗ್ಗಲಿನಲ್ಲಿ ನಿಂತು, ಮೇಸ್ತ್ರಿ ಬೆರಳು ತೋರಿಸಿದವನಿಗೆ ಮಾತ್ರ ಅವತ್ತಿನ ಕೆಲಸ. ಮುಷ್ಕರ ಶುರುವಾದಾಗ ಅವರು ಊರಿನ ಶ್ರೀಮಂತ ಬೀದಿಗಳಲ್ಲಿ ಮೆರವಣಿಗೆ ಹೊರಟರು. ಕೋಲಿನ ತುದಿಗೆ ಕೊಳೆತ ಈರುಳ್ಳಿ, ನಾರುವ ಮೀನಿನ ತಲೆ ಸಿಕ್ಕಿಸಿಕೊಂಡಿದ್ದರು. ನಮ್ಮ ಊಟ ಇದು, ನೋಡಿ ಅಂತ. ಹಳಸಿದ ಮೀನಿನ ತಲೆ ಅಂದರೆ ಏನು ಅಂತ ಕಾರವಾರದವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಲಂಡನ್ನಿನವರು ದುಡ್ಡು ಕೊಟ್ಟರು, ದೂರದ ಆಸ್ಟ್ರೇಲಿಯಾದಿಂದಲೇ ಸುಮಾರು 30,000 ಪೌಂಡ್ ಬಂತು. ಐದು ವಾರದೊಳಗೆ 6 ಪೆನ್ಸ್ ಸಿಕ್ಕಿತು.

ನಮ್ಮ ಮುಂಬೈ ಕತೆಯೂ ಹೀಗೇ ಶುರುವಾಗಿದ್ದು. ಕಾರವಾರದ ಹಳಬರು "ಗೋದಿಯಲ್ಲಿ ಕೆಲಸ" ಅನ್ನುತ್ತಾರಲ್ಲ, ಅದು ರೊಟ್ಟಿಯ ಗೋಧಿ ಅಲ್ಲ, ಮುಂಬೈನ ಡಾಕ್. ಅಲ್ಲೂ ಟೋಳಿವಾಲ, ಅಂದರೆ ಕೂಲಿಗಳ ಗುಂಪಿನ ಮೇಸ್ತ್ರಿ, ಆರಿಸಿದವನಿಗೇ ಕೂಲಿ, ಅದರಲ್ಲೂ ಆ ಮೇಸ್ತ್ರಿಗೊಂದು ಪಾಲು. ಡಾಕ್ ಕಾರ್ಮಿಕರಿಗಾಗಿ 1948ರ ಕಾನೂನು ಬಂದ ಮೇಲೆ ಅವರ ಹೆಸರು ಡಾಕ್ ಕಾರ್ಮಿಕ ಮಂಡಳಿಯಲ್ಲಿ ದಾಖಲಾಯಿತು, ಸರದಿ ಪ್ರಕಾರ ಕೆಲಸ ಸಿಗತೊಡಗಿತು. ಬಂದು ಹಾಜರಿ ಹಾಕಿದರೂ ಕೆಲಸ ಇಲ್ಲದ ದಿನಕ್ಕೆ ಭತ್ಯೆ ಬಂತು. ಆ ಕಾರ್ಮಿಕರನ್ನು ಕಟ್ಟಿದವರಲ್ಲಿ ದೊಡ್ಡ ಹೆಸರು ಪಿ. ಡಿಮೆಲ್ಲೊ, ನಮ್ಮ ಮಂಗಳೂರು ಕಡೆಯವರು. ಮುಂಬೈ ಬಂದರಿನ ಹೊರಗಿನ ರಸ್ತೆಗೆ ಇವತ್ತಿಗೂ ಅವರದೇ ಹೆಸರು. ಜಾರ್ಜ್ ಫರ್ನಾಂಡಿಸ್ ಸಂಘದ ಕೆಲಸ ಕಲಿತಿದ್ದು ಅವರ ಗರಡಿಯಲ್ಲಿ.

2024ರ ಆಗಸ್ಟ್‌ನಲ್ಲಿ ನಮ್ಮ ದೇಶದ ಪ್ರಮುಖ ಬಂದರುಗಳಲ್ಲೂ ಮುಷ್ಕರದ ನೋಟಿಸ್ ಬಿದ್ದಿತ್ತು, 28ರಿಂದ ಅನಿರ್ದಿಷ್ಟ ಕಾಲ ಅಂತ. ಹಿಂದಿನ ದಿನವೇ ಒಪ್ಪಂದವಾಗಿ ತಪ್ಪಿತು. ಶೇ. 8.5ರ ಏರಿಕೆ, 2022ರ ಜನವರಿಯಿಂದ 2026ರ ಡಿಸೆಂಬರ್‌ವರೆಗೆ. ಆದರೆ ಇದು ಕೇಂದ್ರದ ಕೈಯಲ್ಲಿರುವ ಬಂದರುಗಳಿಗೆ ಮಾತ್ರ. ಉತ್ತರಕ್ಕೆ ಮುರ್ಮುಗೋವಾ, ದಕ್ಷಿಣಕ್ಕೆ ನವಮಂಗಳೂರು ಆ ಪಟ್ಟಿಯಲ್ಲಿವೆ. ನಡುವೆ ಇರುವ ಕಾರವಾರ ಇಲ್ಲ. ಅದು ರಾಜ್ಯದ ಬಂದರು.

ಈಗ ಕಾರವಾರ ಬಂದರು ಇರುವ ಬೈತಖೋಲಕ್ಕೆ ಬರೋಣ. ಅಲ್ಲಿ ಡಾಂಬರಿನ ಹಡಗು ಬಂದರೆ ನೋಡಿ. ಕೊಕ್ಕೆ ಹಿಡಿದ ಹಮಾಲರ ಸಾಲು ಇರುವುದಿಲ್ಲ. ಹಡಗಿನಿಂದ ಪೈಪು, ಪೈಪಿನಿಂದ ಟ್ಯಾಂಕು, ಟ್ಯಾಂಕಿನಿಂದ ಲಾರಿ. ಬೆರಳೆಣಿಕೆಯ ಜನ ಸಾಕು. ಇಂಥ ಕಡೆ ಕೆಲಸ ನಿಲ್ಲಿಸಿದರೆ ಹಡಗು ಗೋವಾಕ್ಕೋ ಮಂಗಳೂರಿಗೋ ತಿರುಗುತ್ತದೆ. ಪೇಟೆಯಲ್ಲಿ ಒಂದು ಅಂಗಡಿಯೂ ಖಾಲಿಯಾಗುವುದಿಲ್ಲ, ಯಾರಿಗೂ ಗೊತ್ತೂ ಆಗುವುದಿಲ್ಲ. ಹಾಗಾಗಿ ಜನ ಸುಮ್ನೆ ಇರ್ತಾರಾ ಅನ್ನುವ ನಿಮ್ಮ ಪ್ರಶ್ನೆಗೆ ಉತ್ತರ: ಬಹುಶಃ ಸುಮ್ನೆ ಇರ್ತಾರೆ. ಅದೇ ತೊಂದರೆ.

ಹಾಗೆ ಆಗಿಯೂ ಇದೆ. 2010ರ ಜುಲೈನಲ್ಲಿ ರಾಜ್ಯ ಸರ್ಕಾರ ಕಬ್ಬಿಣದ ಅದಿರಿನ ರಫ್ತು ನಿಲ್ಲಿಸಿತು. ಪಕ್ಕದ ಬೇಲೆಕೇರಿ ಬಂದರಿನಲ್ಲಿ ನಡೆದಿದ್ದ ಅದಿರು ಅಕ್ರಮ ತಡೆಯಲು ಅದು ಬೇಕೇ ಆಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬಾರ್ಜಿನವರು, ಲೋಡಿಂಗಿನವರು, ಲಾರಿ ಕ್ಲೀನರ್‌ಗಳು ಒಟ್ಟಿಗೆ ಮನೆಗೆ ಹೋದರು. ಕಾರ್ಮಿಕರು ಮೂರು ದಿನ ಕೆಲಸ ನಿಲ್ಲಿಸಿದರೆ ಪೇಪರಿನಲ್ಲಿ ಚರ್ಚೆ. ಕೆಲಸವೇ ವರ್ಷಗಟ್ಟಲೆ ನಿಂತಾಗ ಅವರ ಬಗ್ಗೆ ಊರಿನ ಅಭಿಪ್ರಾಯ ಏನು ಅಂತ ಯಾರೂ ಕೇಳಲಿಲ್ಲ.

2020ರ ಜನವರಿಯಲ್ಲಿ ಕಾರವಾರ ಬಂದರಿನ ವಿಸ್ತರಣೆಯ ವಿರುದ್ಧ ಮೀನುಗಾರರು ಬೀದಿಗಿಳಿದಾಗ ಮಾತ್ರ ಬೇರೆಯೇ ಕಂಡೆವು. ಟಾಗೋರ್ ಕಡಲತೀರ ಹೋಗುತ್ತದೆ ಅನ್ನುವ ಆತಂಕ ಎಲ್ಲರಿಗೂ ಇತ್ತು. ಪೇಟೆಯವರೂ ಅಂಗಡಿ ಮುಚ್ಚಿ ಜೊತೆಗೆ ನಿಂತರು. ಮೀನು ಮಾರುವ ಅಕ್ಕನ ಮುಖ ಊರಿಗೆಲ್ಲ ಗೊತ್ತು. ಬಂದರಿನ ಗೇಟಿನ ಒಳಗೆ ದುಡಿಯುವವನ ಮುಖ ಎಷ್ಟು ಜನಕ್ಕೆ ಗೊತ್ತು?

ಕೊನೆಗೆ ಕಾನೂನಿನ ಮಾತು, ಇದನ್ನೂ ಹಲವರು ಕೇಳುತ್ತಾರೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯ ಪ್ರಕಾರ 14 ದಿನ ಮೊದಲೇ ನೋಟಿಸ್ ಕೊಡದೆ ಮುಷ್ಕರ ಮಾಡುವಂತಿಲ್ಲ. ಅರ್ಧದಷ್ಟು ಅಥವಾ ಅದಕ್ಕಿಂತ ಜಾಸ್ತಿ ಮಂದಿ ಒಂದೇ ದಿನ ಸಾಂದರ್ಭಿಕ ರಜೆ ಹಾಕಿದರೂ ಅದು ಮುಷ್ಕರವೇ. ಕಾಯಂ ನೌಕರರಿಗೆ ನೋಟಿಸ್ ಯಾರಿಗೆ ಕೊಡಬೇಕು ಅಂತ ಗೊತ್ತಿರುತ್ತದೆ. ಹಡಗು ಬಂದ ದಿನ ಫೋನ್ ಮಾಡಿ ಕರೆಸುವ ಕೂಲಿಯವನು ಯಾರಿಗೆ ಕೊಡಬೇಕು? ಕಳೆದ ಹಡಗಿನ ಗುತ್ತಿಗೆದಾರ ಒಬ್ಬ, ಈ ಹಡಗಿನವನು ಇನ್ನೊಬ್ಬ. ಹದಿನಾಲ್ಕು ದಿನ ಕಳೆಯುವಷ್ಟರಲ್ಲಿ ಹಡಗು ಖಾಲಿಯಾಗಿ ಹೊರಟೇ ಹೋಗಿರುತ್ತದೆ.